ಅಟ್ಟ ಸೇರಿದ ಅಳಿಲು: ಹೊರಗೆ ಬಿಡುವುದು ಮೊದಲು, ಕಂಡಿ ಮುಚ್ಚುವುದು ನಂತರ

ಸುಗ್ಗಿ ಮುಗಿದು ಕಾಳುಕಡಿ ಅಟ್ಟ ಏರಿದ ಮೇಲೆ ಹಾನಗಲ್ಲ, ಹಿರೇಕೆರೂರು ಕಡೆಯ ಹೆಂಚಿನ ಮನೆಗಳಲ್ಲಿ ಹಗಲು ಹೊತ್ತು ತಲೆಯ ಮೇಲೆ ಸಪ್ಪಳ ಶುರುವಾಗುತ್ತದೆ. ಪಟಪಟ ಓಟ, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಕರಕರ ಕಡಿಯುವ ಸದ್ದು. ಇಲಿ ಬಂತೆಂದು ತಿಳಿದು ಮನೆಯವರು ಪೇಟೆಯಿಂದ ಪಾಷಾಣ ತಂದು ಮೂಲೆಯಲ್ಲಿ ಇಟ್ಟುಬಿಡುತ್ತಾರೆ. ಆದರೆ ಬಿಸಿಲು ಏರಿದಾಗ ಅಟ್ಟದಲ್ಲಿ ಓಡಾಡುವುದು ಬಹುಮಟ್ಟಿಗೆ ಇಲಿಯಲ್ಲ. ಅದು ಹಿತ್ತಲಿನ ಮಾವಿನ ಗಿಡದಿಂದ ಮಾಡಿಗೆ ಹಾರಿ ಬಂದ ಅಳಿಲು, ಈ ಭಾಗದ ಮಾತಿನಲ್ಲಿ ಇಣಚಿ. ಇಲಿಗೆ ಮಾಡುವ ಉಪಾಯ ಇದಕ್ಕೆ ಒಗ್ಗುವುದಿಲ್ಲ. ಒಗ್ಗದ ಉಪಾಯ ಮಾಡಿದರೆ ಅಳಿಲಿನಿಂದ ಆಗುವ ಹಾನಿಗಿಂತ ಉಪಾಯದಿಂದ ಆಗುವ ಹಾನಿಯೇ ಹೆಚ್ಚಾದೀತು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅವಶ್ಯ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳು ಒಂದಕ್ಕೊಂದು ದೂರವಲ್ಲದಿದ್ದರೂ ಮನೆಗಳ ಮಾಡು ಎಲ್ಲ ಕಡೆ ಒಂದೇ ಬಗೆಯದಲ್ಲ. ಹಾನಗಲ್ಲ ಅರೆಮಲೆನಾಡು, ಮಳೆ ಹೆಚ್ಚು, ಭತ್ತ ಹೆಚ್ಚು, ಮಾವಿನ ತೋಪು ಹೆಚ್ಚು. ಅಲ್ಲಿ ಹಾಗೂ ಹಿರೇಕೆರೂರಿನ ಹಳ್ಳಿಗಳಲ್ಲಿ ಇಳಿಜಾರಿನ ಹೆಂಚಿನ ಮಾಡು, ಅದರ ಕೆಳಗೆ ಹಲಗೆ ಹಾಸಿದ ಅಟ್ಟ ಸಾಮಾನ್ಯ. ಸವಣೂರು ಮತ್ತು ಶಿಗ್ಗಾಂವಿಯ ಮೂಡಣ ಭಾಗ ಬಯಲುಸೀಮೆಗೆ ಹೊಂದಿದ್ದು. ಅಲ್ಲಿ ತೊಲೆ, ಜಂತಿಗಳ ಮೇಲೆ ಮಣ್ಣು ಹೇರಿದ ಹಳೆಯ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ತಗಡಿನ ಮಾಡು ನಾಲ್ಕೂ ಕಡೆ ಇದೆ. ಅಳಿಲಿಗೆ ಅತ್ಯಂತ ಅನುಕೂಲವಾದದ್ದು ಹೆಂಚಿನ ಮನೆ. ನೆತ್ತಿಯ ಹೆಂಚಿನ ಕೆಳಗೆ ಗಾರೆ ಉದುರಿದ ಜಾಗ, ಸೂರಿನಲ್ಲಿ ಗೋಡೆಗೂ ಪಕಾಸಿಗೂ ನಡುವೆ ಬಿಟ್ಟ ಸಂದು, ಜಾರಿದ ಒಂದು ಹೆಂಚು, ಇವಿಷ್ಟು ಅದಕ್ಕೆ ಹೆದ್ದಾರಿ ಇದ್ದಂತೆ. ಮಾಳಿಗೆ ಮನೆಯಲ್ಲಿ ಅದು ಬೆಳಕಿಂಡಿಯಿಂದ ಇಳಿಯುತ್ತದೆ, ಇಲ್ಲವೇ ಜಂತಿಯ ತುದಿ ಗೋಡೆ ಸೇರುವಲ್ಲಿ ಮಣ್ಣು ಸಡಿಲಾದ ಕಡೆ ತೂರುತ್ತದೆ. ತಗಡಿನ ಮನೆ ಬೇಸಿಗೆಯಲ್ಲಿ ಕಾಯ್ದ ಹಂಚಿನಂತಾಗುವುದರಿಂದ ಅಲ್ಲಿ ಅಳಿಲು ಬಹಳ ದಿನ ನಿಲ್ಲುವುದು ಕಡಿಮೆ.

ಇಲಿಯೋ ಅಳಿಲೋ?

ಮೊದಲು ಮಾಡಬೇಕಾದ ಕೆಲಸ ಗುರುತಿಸುವುದು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಬೆನ್ನಿನ ಮೇಲೆ 3 ಬಿಳಿ ಪಟ್ಟೆಗಳಿರುವ ಅಳಿಲು. ಉತ್ತರ ಭಾರತದಲ್ಲಿ 5 ಪಟ್ಟೆಯದು ಹೆಚ್ಚು. ರಾಮದೇವರು ಸೇತುವೆ ಕಟ್ಟುವಾಗ ಬೆನ್ನು ಸವರಿದ ಗುರುತು ಈ ಮೂರು ಪಟ್ಟೆ ಎಂದು ಹಿರಿಯರು ಹೇಳುವ ಕಥೆ ಎಲ್ಲರಿಗೂ ಗೊತ್ತು. ಆ ಕಾರಣಕ್ಕೇ ಅನೇಕರು ಅಳಿಲನ್ನು ಕೊಲ್ಲಲು ಹಿಂಜರಿಯುತ್ತಾರೆ, ಆದರೆ ಇಲಿ ಎಂದು ತಿಳಿದು ವಿಷವಿಟ್ಟು ಗೊತ್ತಿಲ್ಲದೆ ಅದನ್ನೇ ಕೊಲ್ಲುತ್ತಾರೆ. ಬೆಳೆದ ಅಳಿಲಿನ ತೂಕ ಸುಮಾರು 100 ಗ್ರಾಂ. ಅಮೆರಿಕದಲ್ಲಿ ಮನೆಗಳ ಅಟ್ಟ ಸೇರಿ ಕಾಟ ಕೊಡುವ ಬೂದು ಅಳಿಲು ಇದರ ನಾಲ್ಕೈದು ಪಟ್ಟು ತೂಗುತ್ತದೆ. ನಮ್ಮದು ಚಿಕ್ಕದು, ಆದ್ದರಿಂದಲೇ ಚಿಕ್ಕ ಕಂಡಿಯಲ್ಲೂ ನುಸುಳುತ್ತದೆ. ಒಂದೂವರೆ ಇಂಚಿನ ಸಂದು ಸಿಕ್ಕರೆ ಅದಕ್ಕೆ ಸಾಕು.

ಅಳಿಲು ಹಗಲಿನ ಪ್ರಾಣಿ. ಬೆಳಗಾದೊಡನೆ ಹೊರಬೀಳುತ್ತದೆ, ಸಂಜೆ ಕತ್ತಲಾಗುವ ಮುನ್ನ ಗೂಡು ಸೇರಿ ರಾತ್ರಿಯೆಲ್ಲ ಸುಮ್ಮನಿರುತ್ತದೆ. ಇಲಿಯ ಓಡಾಟ ದೀಪ ಆರಿಸಿದ ಮೇಲೆ. ಸದ್ದು ಯಾವ ಹೊತ್ತಿನಲ್ಲಿ ಎಂಬುದನ್ನು ಎರಡು ದಿನ ಲಕ್ಷ್ಯವಿಟ್ಟು ಕೇಳಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ. ಉಳಿದ ಅರ್ಧಕ್ಕೆ ಒಲೆಯ ಬೂದಿ ಸಾಕು. ಸಂಜೆ ಅಟ್ಟದ ಹಲಗೆಯ ಮೇಲೆ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಉದುರಿಸಿ, ಮರುದಿನ ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ ಹೆಜ್ಜೆ ಗುರುತು ನೋಡಬೇಕು. ನಸುಕಿನಲ್ಲಿಯೇ ಗುರುತು ತುಂಬಿದ್ದರೆ ಇಲಿ. ನಸುಕಿನಲ್ಲಿ ಬೂದಿ ಹಾಗೆಯೇ ಇದ್ದು ಮಧ್ಯಾಹ್ನದ ಹೊತ್ತಿಗೆ ಗುರುತು ಬಿದ್ದಿದ್ದರೆ ಅಳಿಲು. ಎರಡೂ ಹೊತ್ತು ಬಿದ್ದಿದ್ದರೆ ಎರಡೂ ಇವೆ, ಮತ್ತು ಇದು ಅಪರೂಪವೇನಲ್ಲ.

ಗೂಡೂ ಗುರುತು ಹೇಳುತ್ತದೆ. ಅಳಿಲು ತೆಂಗಿನ ನಾರು, ಒಣಹುಲ್ಲು, ಹತ್ತಿ, ಹಳೆ ಗೋಣಿಯ ಎಳೆ, ಕೌದಿಯ ಚಿಂದಿ ಇವನ್ನು ಕೂಡಿಸಿ ಉಂಡೆಯಾಕಾರದ ದೊಡ್ಡ ಗೂಡು ಮಾಡುತ್ತದೆ. ಮಡಚಿಟ್ಟ ಹಳೆಯ ಹಾಸಿಗೆಯ ಹೊಟ್ಟೆ ಬಗೆದು ಒಳಗಿನ ಹತ್ತಿಯನ್ನು ಎಳೆದಿದ್ದರೆ ಬಹುಮಟ್ಟಿಗೆ ಅದೇ.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೋಕೋ ತೋಟದವರಿಗೆ ಈ ಎರಡು ಪ್ರಾಣಿಗಳ ಭೇದ ಚೆನ್ನಾಗಿ ಗೊತ್ತು. ಇಲಿ ಕೋಕೋ ಕಾಯಿಯನ್ನು ತೊಟ್ಟಿನ ಬಳಿ ಕೊರೆಯುತ್ತದೆ, ಅಳಿಲು ಕಾಯಿಯ ನಡುಭಾಗದಲ್ಲಿ ಕೊರೆಯುತ್ತದೆ. ಕಾಯಿ ಮಾಗಿದೊಡನೆ ಕೊಯ್ದುಬಿಡುವುದೇ ಅಲ್ಲಿ ಅಳಿಲಿಗೆ ಹೇಳಲಾದ ಮುಖ್ಯ ಉಪಾಯ. ತಿನಿಸನ್ನು ಎದುರಿನಿಂದ ತೆಗೆಯುವ ಈ ಯುಕ್ತಿ ನಮ್ಮ ಅಟ್ಟಕ್ಕೂ ಸಲ್ಲುತ್ತದೆ.

ಹಾನಿ ಎಲ್ಲಿದೆ?

ಅಳಿಲು ತಿಂದು ಮುಗಿಸುವ ಕಾಳಿನ ತೂಕ ದೊಡ್ಡದಲ್ಲ. 100 ಗ್ರಾಂ ತೂಗುವ ಪ್ರಾಣಿ ಚೀಲಗಟ್ಟಲೆ ತಿನ್ನಲಾರದು. ಲೆಕ್ಕ ಹಾಕಬೇಕಾದದ್ದು ಬೇರೆ ಮೂರು ಹಾನಿಗಳನ್ನು.

ಒಂದನೆಯದು ಬಿತ್ತುವ ಬೀಜ. ಗೋವಿನಜೋಳ, ಹತ್ತಿಗಳಿಗೆ ಈಗ ಪ್ರತಿ ವರ್ಷ ಸಂಕರಣ ಬೀಜವನ್ನು ಕೊಂಡು ತರುವುದು ರೂಢಿಯಾಗಿದೆ. ಆದರೆ ಶೇಂಗಾ, ಹೆಸರು, ಅಲಸಂದಿ, ಅವರೆ, ಹಿತ್ತಲಿನ ಸೌತೆ, ಹೀರೆ, ಸೋರೆ, ಜವಾರಿ ಬದನೆ, ಬ್ಯಾಡಗಿ ಮೆಣಸಿನಕಾಯಿ ಇವುಗಳ ಬೀಜ ಇಂದಿಗೂ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆಯೇ ಇರುತ್ತದೆ. ಬಾಗುವ ಹಲ್ಲಿನ ಈ ಜಾತಿಯ ಪ್ರಾಣಿಗಳು ಕಾಳನ್ನು ಪೂರ್ತಿ ತಿನ್ನದೆ ಮೊಳಕೆಯ ಕಣ್ಣಿನ ಭಾಗವನ್ನೇ ಮೊದಲು ಕಚ್ಚಿ ತೆಗೆಯುವುದುಂಟು.  ಮೇಲಿಂದ ನೋಡಿದರೆ ಕಾಳು ಹಾಗೆಯೇ ಇದ್ದಂತೆ ತೋರುತ್ತದೆ, ಭೂಮಿಗೆ ಬಿದ್ದರೆ ಮೊಳೆಯುವುದಿಲ್ಲ. ಶೇಂಗಾದ ಕಾಯಿ ಒಡೆದು ಒಂದು ಬೀಜ ತಿಂದು ಇನ್ನೊಂದನ್ನು ಬಿಟ್ಟು ಹೋದರೆ ಬಿಟ್ಟದ್ದಕ್ಕೆ ಗಾಳಿ ತಗುಲಿ ಹುಳ ಬೀಳುತ್ತದೆ. ಜವಾರಿ ಬೀಜ ಒಮ್ಮೆ ಮನೆಯಿಂದ ಹೋದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಇದರ ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಹೇಳಲಾಗದು.

ಎರಡನೆಯದು ಬೆಂಕಿ. ಅಳಿಲಿನ ಮುಂದಿನ ಹಲ್ಲುಗಳು ಇಲಿಯವುಗಳಂತೆ ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ಏನನ್ನಾದರೂ ಕಡಿದು ಸವೆಸದೆ ಅದಕ್ಕೆ ಗತ್ಯಂತರವಿಲ್ಲ. ತೊಲೆಯ ಮೇಲೆ ಬಿಡಿಯಾಗಿ ಎಳೆದ ವಿದ್ಯುತ್ ತಂತಿಯ ಮೆತ್ತನೆಯ ಹೊದಿಕೆ ಕಡಿಯುವುದಕ್ಕೆ ಅನುಕೂಲ. ಹೊದಿಕೆ ಹೋದ ಎರಡು ತಂತಿ ತಾಗಿದರೆ ಕಿಡಿ. ಆ ಕಿಡಿ ಬೀಳುವ ಜಾಗದಲ್ಲಿ ಏನಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ: ದರ ಏರಲೆಂದು ಕಾಯ್ದಿಟ್ಟ ಹತ್ತಿ, ಖಾಲಿ ಗೋಣಿಚೀಲ, ಒಣ ತೆನೆ, ಜೊತೆಗೆ ಅಳಿಲೇ ತಂದು ಒಟ್ಟಿದ ನಾರಿನ ಗೂಡು. ವರಲಕ್ಷ್ಮಿ ಸಂಕರಣ ತಳಿ 1972ರಲ್ಲಿ ಧಾರವಾಡದಿಂದ ಹೊರಬಂದ ಕಾಲದಿಂದಲೂ ಈ ಭಾಗದ ರೈತರಿಗೆ ಹತ್ತಿಯ ನಂಟು ಗಟ್ಟಿಯಾಗಿದೆ. ಬಿಡಿಸಿದ ಹತ್ತಿಯನ್ನು ವಾರಗಟ್ಟಲೆ ಮನೆಯೊಳಗೆ ಇಡುವ ರೂಢಿಯೂ ಇದೆ. ಹತ್ತಿ ಇಟ್ಟ ಅಟ್ಟದಲ್ಲಿ ಅಳಿಲಿನ ಸಪ್ಪಳ ಕೇಳಿದರೆ ಅಂದೇ ತಂತಿ ನೋಡಬೇಕು, ನಾಳೆಗೆ ಇಡಬಾರದು.

ಮೂರನೆಯದು ಸೋರಿಕೆ. ಅಳಿಲು ಹೆಂಚನ್ನು ಎತ್ತಲಾರದು, ಆದರೆ ಸಡಿಲಾದ ಗಾರೆಯನ್ನು ಕೆದರಿ ಕಂಡಿ ಹಿರಿದು ಮಾಡುತ್ತದೆ. ಬೇಸಿಗೆಯಲ್ಲಿ ಕಣ್ಣಿಗೆ ಬೀಳದ ಈ ಕಂಡಿ ಮೃಗಶಿರ ಮಳೆಯಲ್ಲಿ ಕಾಳಿನ ಚೀಲದ ಮೇಲೆ ಹನಿಯುತ್ತದೆ. ತೊಯ್ದ ಶೇಂಗಾ ಬೂಷ್ಟು ಹಿಡಿದರೆ ಅದು ದನಕ್ಕೂ ತಿನ್ನಲು ಯೋಗ್ಯವಲ್ಲ.

ರೋಗದ ಬಗ್ಗೆ ಒಂದು ಮಾತು. ಹಾನಗಲ್ಲಿಗೆ ನೆರೆಯಾದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕಾರಣ ಈ ಸೀಮೆಯಲ್ಲಿ ಕಾಡುಪ್ರಾಣಿ ಎಂದೊಡನೆ ಆ ಭಯ ಬರುವುದು ಸಹಜ. ಆ ಕಾಯಿಲೆ ಮನುಷ್ಯರಿಗೆ ತಗಲುವುದು ಮುಖ್ಯವಾಗಿ ಕಾಡಿನ ಉಣ್ಣೆಗಳ ಕಡಿತದಿಂದ. ಅಟ್ಟದಲ್ಲಿ ಅಳಿಲು ಇದೆ ಎಂದ ಮಾತ್ರಕ್ಕೆ ಆ ಹೆದರಿಕೆ ಬೇಡ. ಆದರೆ ಗೂಡಿನಲ್ಲಿ ಚಿಗಟ, ನುಸಿ ಇರುತ್ತವೆ. ಹಿಕ್ಕೆ, ಮೂತ್ರದಿಂದ ಕಾಳು ಕೆಡುತ್ತದೆ. ಅಳಿಲು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸತಕ್ಕದ್ದು.

ವಿಷ ಏಕೆ ಬೇಡ?

ಇಲಿಗೆಂದು ಮಾರುವ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲ ಸೇರಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಅದಕ್ಕೆ ಪ್ರತ್ಯೇಕ ಮದ್ದು ಎಂಬುದಿಲ್ಲ. ಹೊಲದ ಬದುವಿನ ಬಿಲಗಳಿಗೆ ಬಳಸುವ ಈ ಪಾಷಾಣವನ್ನು ಕಾಳು ಇಟ್ಟ, ಮಕ್ಕಳು ಏರುವ ಅಟ್ಟದಲ್ಲಿ ಇಡುವುದು ಅನಾಹುತಕ್ಕೆ ದಾರಿ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಪ್ರಾಣಿ ಕೆಲವು ದಿನಗಳ ನಂತರ ಒಳಗೇ ರಕ್ತಸ್ರಾವವಾಗಿ ಸಾಯುತ್ತದೆ. ಅಷ್ಟರಲ್ಲಿ ಅದನ್ನು ಹಿಡಿದು ತಿಂದ ಗೂಗೆ, ಬೆಕ್ಕು ಕೂಡ ಸಾಯಬಹುದು. ಗೂಗೆ ಇಲಿಯ ವೈರಿ. ಅದನ್ನು ಕಳೆದುಕೊಂಡು ಇಲಿಯನ್ನು ಉಳಿಸಿಕೊಂಡಂತಾಗುತ್ತದೆ.

ಕಾಳಿನ ಹುಳಕ್ಕೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಅಟ್ಟದ ಕಂಡಿಗೆ ಹಾಕುವ ದುಸ್ಸಾಹಸವನ್ನು ಯಾರೂ ಮಾಡಬಾರದು. ಅದರ ಅನಿಲ ಗಾಳಿಗಿಂತ ತುಸು ಭಾರ. ಹಲಗೆಯ ಸಂದಿನಿಂದ ಕೆಳಗಿಳಿದು ನಡುಮನೆಯಲ್ಲಿ ಮಲಗಿದವರ ಪ್ರಾಣ ತೆಗೆಯುತ್ತದೆ. ಇದು ತರಬೇತಿ ಪಡೆದವರ ಕೈಯಲ್ಲಿ, ಗಾಳಿಯಾಡದ ಗೋದಾಮಿನಲ್ಲಿ ಮಾತ್ರ ಇರಬೇಕಾದ ವಸ್ತು.

ವಿಷದಿಂದ ಇನ್ನೊಂದು ಫಜೀತಿ ಇದೆ. ತಾಯಿ ಸತ್ತರೆ ಮರಿಗಳು ಗೂಡಿನಲ್ಲೇ ಸಾಯುತ್ತವೆ. ಪಕಾಸಿಯ ಸಂದಿನಲ್ಲಿ ಕೊಳೆತ ವಾಸನೆ ವಾರವಾದರೂ ಹೋಗದು, ಅದನ್ನು ಹುಡುಕಲು ಹೆಂಚು ಇಳಿಸಬೇಕಾಗುತ್ತದೆ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಉಪದ್ರವಿ ಪ್ರಾಣಿಗಳ ಒಂದು ಪಟ್ಟಿ ಇತ್ತು. ಇಲಿ, ಕಾಗೆ, ಹಣ್ಣು ತಿನ್ನುವ ಬಾವಲಿ ಅದರಲ್ಲಿದ್ದವು, ಅಳಿಲು ಇರಲಿಲ್ಲ. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಕಾಯಿದೆಯಿಂದ ಹೊರಬಿತ್ತು. ಹೀಗಿರುವಾಗ ಅಳಿಲನ್ನು ಕೊಲ್ಲುವುದು, ಹಿಡಿದು ಸಾಗಿಸುವುದು ಇವುಗಳ ಗೋಜಿಗೆ ಹೋಗದೆ ಅದನ್ನು ಮನೆಯಿಂದ ಹೊರಗಿಡುವ ಕೆಲಸವನ್ನಷ್ಟೇ ಮಾಡುವುದು ಒಳಿತು. ಸಂಶಯವಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಮೆಣಸಿನಪುಡಿ ಉದುರಿಸುವುದು, ಮೆಣಸಿನಕಾಯಿ ಹೊಗೆ ಹಾಕುವುದು ಹಳ್ಳಿಗಳಲ್ಲಿ ಕೇಳಿಬರುವ ಉಪಾಯ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಇಣಚಿ ಅದಕ್ಕೆ ಹೆದರೀತೆಂಬ ಭರವಸೆ ಇಲ್ಲ. ಹೊಗೆ ಹಾಕಿದರೆ ಅಳಿಲಿಗಿಂತ ಮೊದಲು ಮನೆಯ ಮಂದಿಯೇ ಹೊರಗೋಡಬೇಕಾಗುತ್ತದೆ. ನುಸಿಗುಳಿಗೆಯ ವಾಸನೆ ಕಾಳಿಗೆ ಹತ್ತುತ್ತದೆ. ಸೀಮೆ ಎಣ್ಣೆಯ ಅರಿವೆಯನ್ನಂತೂ ಹತ್ತಿಯ ಹತ್ತಿರ ಸುಳಿಸಲೇಬಾರದು. ಇವೆಲ್ಲ ನಾಲ್ಕು ದಿನದ ಆಟ. ಕಂಡಿ ತೆರೆದಿರುವ ತನಕ ಅಳಿಲು ಮರಳಿ ಬರುತ್ತದೆ.

ಹೊಗೆಯ ಮಾತು ಬಂದದ್ದರಿಂದ ಇಲ್ಲಿ ಒಂದು ವಿಚಾರ. ಮೊದಲು ಅಡಿಗೆಮನೆಯ ಕಟ್ಟಿಗೆ ಒಲೆಯ ಹೊಗೆ ಅಟ್ಟಕ್ಕೆ ನಿತ್ಯ ಏರುತ್ತಿತ್ತು. ಅದೇ ಹೊಗೆಯಲ್ಲಿ ತೆನೆ, ಬೀಜದ ಸೋರೆಬುರುಡೆಗಳನ್ನು ತೂಗುಹಾಕುತ್ತಿದ್ದರು. ಹುಳದ ಕಾಟ ಕಡಿಮೆ ಇತ್ತು, ಪ್ರಾಣಿಗಳಿಗೂ ಅದು ಸುಖದ ಜಾಗವಾಗಿರಲಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಯ ಮನೆಗಳಲ್ಲಿಯೂ ಅನಿಲದ ಒಲೆ ಸಾಮಾನ್ಯವಾಯಿತು. ಹೆಣ್ಣುಮಕ್ಕಳ ಕಣ್ಣು, ಎದೆಗಳಿಗೆ ಇದರಿಂದ ಬಹಳ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ನಿಂತ ಅಟ್ಟದಲ್ಲಿ ಬೀಜ ಇಡುವ ರೀತಿ ಮಾತ್ರ ಹಳೆಯದೇ ಉಳಿಯಿತು. ಅಟ್ಟ ಈಗ ಅಳಿಲಿಗೆ ಬೆಚ್ಚಗಿನ, ಹೊಗೆಯಿಲ್ಲದ, ಊಟ ಬಡಿಸಿಟ್ಟ ಮನೆಯಾಗಲು ಇದೂ ಒಂದು ಕಾರಣವಿರಬೇಕೆಂದು ನಮ್ಮ ಅಭಿಪ್ರಾಯ.

ಹೊರಹಾಕುವ ಕ್ರಮ

ಸಾಮಾನ್ಯವಾಗಿ ನಡೆಯುವುದು ಹೀಗೆ: ಕಂಡಿ ಕಾಣುತ್ತಲೇ ಮಣ್ಣು, ಸಿಮೆಂಟು ಮೆತ್ತಿ ಮುಚ್ಚಿಬಿಡುವುದು. ಅಳಿಲು ಒಳಗಿದ್ದರೆ ಅದು ದಿಕ್ಕುಗಾಣದೆ ತಂತಿ, ಹಲಗೆ, ಚೀಲ ಎಲ್ಲವನ್ನೂ ಕಡಿಯುತ್ತದೆ. ತಾಯಿ ಹೊರಗಿದ್ದು ಮರಿ ಒಳಗಿದ್ದರೆ ಹೊಸ ಗಾರೆಯನ್ನೇ ಕೆದರುತ್ತದೆ, ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತದೆ. ಆದ್ದರಿಂದ ಮುಚ್ಚುವ ಕೆಲಸ ಕೊನೆಯದು.

ಮೊದಲು ದಾರಿ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಬೆಳಿಗ್ಗೆ ಸೂರ್ಯ ಏಳುವ ಹೊತ್ತಿಗೆ ಅಂಗಳದಲ್ಲಿ ನಿಂತು ಅರ್ಧ ತಾಸು ನೋಡಿದರೆ ಅದು ಹೊರಬೀಳುವ ಜಾಗ ಕಾಣುತ್ತದೆ. ಕಂಡಿಯ ಅಂಚು ಮೈ ತಿಕ್ಕಿ ನುಣುಪಾಗಿ ಜಿಡ್ಡು ಹತ್ತಿರುತ್ತದೆ. ಸಂಶಯವಿದ್ದ ಪ್ರತಿ ಕಂಡಿಗೂ ಒಣಹುಲ್ಲಿನ ಸಡಿಲು ಬೆಣೆಯನ್ನು ಇಟ್ಟು ಎರಡು ದಿನ ಬಿಡಬೇಕು. ಹುಲ್ಲು ಹೊರಗೆ ಬಿದ್ದ ಕಂಡಿಯೇ ಚಾಲ್ತಿಯಲ್ಲಿರುವುದು. ಹುಲ್ಲು ಅಲುಗದ ಕಂಡಿಗಳನ್ನು ಆಗಲೇ ಭದ್ರವಾಗಿ ಮುಚ್ಚಬಹುದು. ಹೀಗೆ ದಾರಿಗಳನ್ನು ಒಂದಕ್ಕೆ ತಂದು ನಿಲ್ಲಿಸಬೇಕು.

ಅನಂತರ ಮರಿ ಇದೆಯೇ ನೋಡತಕ್ಕದ್ದು. ಅಳಿಲು ನಮ್ಮ ಹವೆಯಲ್ಲಿ ವರ್ಷದ ಬಹುಭಾಗ ಮರಿ ಹಾಕಬಲ್ಲದು. ಆದ್ದರಿಂದ ಈ ತಿಂಗಳು ಮರಿ ಇರುವುದಿಲ್ಲ ಎಂದು ಪಂಚಾಂಗ ನೋಡಿ ನಿರ್ಧರಿಸುವಂತಿಲ್ಲ, ಗೂಡನ್ನೇ ನೋಡಬೇಕು. ಗರ್ಭದ ಅವಧಿ ಸುಮಾರು 34 ದಿನ. ಒಮ್ಮೆಗೆ ಸಾಮಾನ್ಯವಾಗಿ 2 ಅಥವಾ 3 ಮರಿ. ಕಣ್ಣು ಮುಚ್ಚಿ, ಕೂದಲಿಲ್ಲದೆ ಹುಟ್ಟುವ ಮರಿ ತಾಯಿಯ ಹಾಲು ಬಿಡಲು ಸುಮಾರು 10 ವಾರ ಬೇಕು. ದಿನಕ್ಕೆ ಹಲವು ಸಲ ತಾಯಿ ಒಳಗೆ ಹೋಗಿ ಬರುತ್ತಿದ್ದರೆ, ಸಣ್ಣ ದನಿಯ ಚೀಂಚೀಂ ಕೇಳಿದರೆ ಮರಿ ಇದೆಯೆಂದು ತಿಳಿಯಬೇಕು. ಗೂಡು ನೋಡುವಾಗ ಬರಿಗೈ ಹಾಕಬಾರದು. ಅಳಿಲು, ಇಲಿಗಳ ಬೆನ್ನು ಹತ್ತಿ ಕೇರೆ ಹಾವು, ಒಮ್ಮೊಮ್ಮೆ ನಾಗರವೂ ಹೆಂಚಿನ ಸಂದಿಗೆ ಬರುತ್ತದೆ. ಮೊದಲು ಬ್ಯಾಟರಿಯ ಬೆಳಕು, ಆಮೇಲೆ ಉದ್ದ ಕೋಲು, ಕೊನೆಗೆ ದಪ್ಪ ಅರಿವೆ ಸುತ್ತಿದ ಕೈ.

ಮರಿ ಇದ್ದರೆ ಎರಡು ದಾರಿ. ತಂತಿ ಭದ್ರವಾಗಿದ್ದು ಹತ್ತಿ, ಕಾಳನ್ನು ಕೆಳಗಿಳಿಸಿ ಆಗಿದ್ದರೆ ಮರಿಗಳು ತಾವಾಗಿ ಓಡಾಡುವ ತನಕ ಕಾಯ್ದು, ಎಲ್ಲವೂ ಹೊರಬಿದ್ದ ಮೇಲೆ ಮುಚ್ಚುವುದು. ಕಾಯುವಂತಿಲ್ಲದಿದ್ದರೆ ಬೆಳಿಗ್ಗೆ ತಾಯಿ ಹೊರಗೆ ಹೋದಾಗ ಗೂಡನ್ನು ಇಡಿಯಾಗಿ ಎತ್ತಿ ಬುಟ್ಟಿಯಲ್ಲಿಟ್ಟು, ಅದೇ ಕಂಡಿಯ ಹೊರಗೆ ಸೂರಿನ ನೆರಳಿಗೆ, ಬೆಕ್ಕು ಮುಟ್ಟದ ಎತ್ತರದಲ್ಲಿ ಕಟ್ಟುವುದು. ತಾಯಿ ಅಳಿಲು ಮರಿಯನ್ನು ಬಾಯಲ್ಲಿ ಕಚ್ಚಿ ಬೇರೆ ಕಡೆ ಒಯ್ಯುವುದುಂಟು. ಜನರ ಸುಳಿವಿಲ್ಲದಿದ್ದರೆ ಕತ್ತಲಾಗುವ ಮುನ್ನ ಒಯ್ದು ಮುಗಿಸುತ್ತದೆ. ಮೊದಲನೆಯ ದಾರಿಯೇ ಉತ್ತಮ, ಆದರೆ ಬಿತ್ತನೆಯ ಹೊತ್ತಿಗೆ 10 ವಾರ ಕಾಯಿರಿ ಎಂದು ರೈತನಿಗೆ ಹೇಳುವುದು ಸುಲಭವಲ್ಲ ಎಂಬುದೂ ನಿಜ.

ಮರಿ ಇಲ್ಲದಿದ್ದರೆ ಚಾಲ್ತಿಯ ಕಂಡಿಗೆ ಒಮ್ಮುಖದ ದಾರಿ ಮಾಡಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ನೀರಾವರಿಗೆ ತಂದು ಉಳಿದ ಎರಡೂವರೆ ಇಂಚಿನ ನಯವಾದ ಪ್ಲಾಸ್ಟಿಕ್ ಕೊಳವೆಯ ಒಂದೂವರೆ ಅಡಿ ತುಂಡು ಸಾಕು. ಒಂದು ತುದಿಯನ್ನು ಕಂಡಿಗೆ ಸರಿಯಾಗಿ ಕೂಡಿಸಿ, ಸುತ್ತಲಿನ ಸಂದನ್ನು ಜಾಳಿಗೆಯಿಂದ ಮುಚ್ಚಿ, ಇನ್ನೊಂದು ತುದಿ ಹೊರಗೆ ಕೆಳಮುಖವಾಗಿ ಇಳಿಬೀಳುವಂತೆ ಕಟ್ಟಬೇಕು. ಹೊರತುದಿಯ ಮೇಲಂಚಿಗೆ ತೆಳು ಪ್ಲಾಸ್ಟಿಕ್ ಹಾಳೆಯ ತುಂಡನ್ನು ಪರದೆಯಂತೆ ತೂಗುಬಿಡಬೇಕು. ಒಳಗಿನಿಂದ ಜಾರಿ ಬಂದ ಅಳಿಲು ಅದನ್ನು ತಳ್ಳಿ ಹೊರಬೀಳುತ್ತದೆ, ಮರಳಿ ಏರಲು ಉಗುರಿಗೆ ಹಿಡಿತ ಸಿಗುವುದಿಲ್ಲ. ಕೊಳವೆಯ ತುದಿಯ ಹತ್ತಿರ ಗೋಡೆ, ಗೂಟ, ಬಳ್ಳಿ ಏನೂ ಇರಬಾರದು. 4-5 ದಿನ ಹಾಗೆಯೇ ಬಿಟ್ಟು, ಮತ್ತೆ ಬೂದಿ ಉದುರಿಸಿ ಪರೀಕ್ಷಿಸಿ, ಎರಡು ದಿನ ಗುರುತು ಬೀಳದಿದ್ದರೆ ಕೊಳವೆ ತೆಗೆದು ಅಂದೇ ಕಂಡಿ ಮುಚ್ಚಿಬಿಡಬೇಕು. ಮಾಳಿಗೆ ಮನೆಯ ಬೆಳಕಿಂಡಿಗೆ ಇಷ್ಟು ಸಾಹಸ ಬೇಕಿಲ್ಲ. ನಡುಹಗಲಲ್ಲಿ ಅಳಿಲು ಹೊರಗಿರುವುದನ್ನು ಕಣ್ಣಾರೆ ನೋಡಿ, ಒಳಗೆ ಮರಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಜಾಳಿಗೆಯ ಚೌಕಟ್ಟು ಕೂಡಿಸಿದರಾಯಿತು.

ಇಲಿಬೋನಿನಲ್ಲಿ ಶೇಂಗಾ ಇಟ್ಟು ಹಿಡಿದು ದೂರದ ಊರಿನ ತೋಪಿನಲ್ಲಿ ಬಿಟ್ಟು ಬರುವವರಿದ್ದಾರೆ. ಕಂಡಿ ತೆರೆದಿದ್ದರೆ ಆ ಜಾಗಕ್ಕೆ ಹಿತ್ತಲಿನ ಮತ್ತೊಂದು ಅಳಿಲು ಬರುತ್ತದೆ. ಬಿಟ್ಟು ಬಂದದ್ದಕ್ಕೆ ಅಲ್ಲಿ ನೆಲೆ ಸಿಗುವುದೂ ಕಷ್ಟ. ಕೈಕೆಲಸ ಹೆಚ್ಚು, ಫಲ ಕಡಿಮೆ.

ಮುಚ್ಚುವ ಕೆಲಸ ಮತ್ತು ಅದರ ಕಾಲ

ಹೆಂಚು ಕೈಯಾಡಿಸುವ ಕೆಲಸ ಹೇಗೂ ಮಳೆಗಾಲಕ್ಕೆ ಮುಂಚೆ ನಡೆಯುತ್ತದೆ. ಅಳಿಲಿನ ಕೆಲಸವನ್ನು ಅದರ ಜೊತೆಗೆ ಹೊಂದಿಸಿದರೆ ಆಳಿನ ಖರ್ಚು ಒಂದೇ. ಬಸವ ಜಯಂತಿಯ ಹೊತ್ತಿಗೆ ಬೂದಿ ಪರೀಕ್ಷೆ, ಗೂಡಿನ ತಪಾಸಣೆ ಮುಗಿಸಿ, ರೋಹಿಣಿ ಮಳೆ ಹೂಡುವ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಮಾಡು ಭದ್ರವಾಗಿರಬೇಕು.

ಮಣ್ಣು ಅಥವಾ ಬರೀ ಸಿಮೆಂಟಿನ ಮೆತ್ತಿಗೆ ನಿಲ್ಲುವುದಿಲ್ಲ. ಕಾಲು ಇಂಚು ಕಣ್ಣಿನ, ಸತುವಿನ ಲೇಪವಿರುವ ಕಬ್ಬಿಣದ ಜಾಳಿಗೆಯನ್ನು ಕಂಡಿಯ ಸುತ್ತ ಎರಡು ಇಂಚು ಹೆಚ್ಚಾಗುವಂತೆ ಕತ್ತರಿಸಿ ಮೊಳೆ ಹೊಡೆದು, ಮೇಲೆ ಗಾರೆ ಮಾಡಬೇಕು. ಈ ಕಣ್ಣಿನಲ್ಲಿ ಚಿಕ್ಕಿಲಿಯೂ ತೂರದು, ಗಾಳಿ ಮಾತ್ರ ಆಡುತ್ತದೆ. ಸೂರಿನ ಉದ್ದಕ್ಕೂ ಗೋಡೆಗೂ ಪಕಾಸಿಗೂ ನಡುವಿನ ಸಂದನ್ನು ಇದೇ ಜಾಳಿಗೆಯಿಂದ ಮುಚ್ಚಿದರೆ ಅಟ್ಟ ಕುದಿಯುವುದಿಲ್ಲ. ಪ್ಲಾಸ್ಟಿಕ್ ಬಲೆ, ಸೊಳ್ಳೆ ಪರದೆ ಒಂದು ದಿನದ ಹಲ್ಲಿಗೂ ಸಾಲವು.

ಗಿಡದ ಕಡೆಗೂ ನೋಡಬೇಕು. ಮಾಡಿನಿಂದ ಕನಿಷ್ಠ 8 ಅಡಿ ದೂರದ ತನಕ ಮಾವು, ಹುಣಸೆ, ನುಗ್ಗೆಯ ಟೊಂಗೆಗಳನ್ನು ಸವರಬೇಕು. ಮಾವಿನ ಫಸಲು ಇಳಿಸಿದ ಮೇಲೆ ಸವರಿದರೆ ಗಿಡಕ್ಕೂ ಹಿತ. ಮನೆಗೆ ತಾಗಿ ನಿಂತ ತೆಂಗನ್ನು ಕಡಿಯಬೇಕಾಗಿಲ್ಲ. ಕಾಂಡಕ್ಕೆ 6 ಅಡಿ ಎತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪು ತಗಡಿನ ಪಟ್ಟಿ ಸುತ್ತಿದರೆ ಇಲಿ, ಅಳಿಲು ಎರಡಕ್ಕೂ ಏರುವುದು ಕಷ್ಟ. ಆದರೆ ತೆಂಗಿನ ಗರಿ ಪಕ್ಕದ ಗಿಡಕ್ಕೆ ತಾಗಿದ್ದರೆ ಪಟ್ಟಿ ಸುತ್ತಿ ಪ್ರಯೋಜನವಿಲ್ಲ. ಕಂಬದಿಂದ ಮನೆಗೆ ಬರುವ ತಂತಿಯ ಮೇಲೆ ಅಳಿಲು ನಡೆದು ಬರುತ್ತಿದ್ದರೆ ಅದಕ್ಕೆ ಏನನ್ನೂ ಕಟ್ಟಲು ಹೋಗಬೇಡಿ, ಹೆಸ್ಕಾಂ ಸಿಬ್ಬಂದಿಗೆ ತಿಳಿಸಿ. ಒಳಗಿನ ತಂತಿಗಳನ್ನು ಗಟ್ಟಿ ಕೊಳವೆಯಲ್ಲಿ ಹಾಕಿಸಿ. ಕಡಿದ ತಂತಿಗೆ ಪಟ್ಟಿ ಸುತ್ತಿ ಬಿಡದೆ ಆ ತುಂಡನ್ನೇ ಬದಲಾಯಿಸಿ. ವಿದ್ಯುತ್ ಸೋರಿದೊಡನೆ ಸಂಪರ್ಕ ತಪ್ಪಿಸುವ, 30 ಮಿಲಿ ಆಂಪಿಯರಿನ ರಕ್ಷಣಾ ಸ್ವಿಚ್ ಹಾಕಿಸಿದ್ದರೆ ಮನುಷ್ಯರಿಗೂ ದನಕರುಗಳಿಗೂ ಕ್ಷೇಮ.

ಗೂಡು ತೆಗೆದು ಸುಡುವಾಗ, ಹಿಕ್ಕೆ ಗುಡಿಸುವಾಗ ಮೊದಲು ನೀರು ಚಿಮುಕಿಸಿ, ಮೂಗು ಬಾಯಿಗೆ ಅರಿವೆ ಕಟ್ಟಿಕೊಳ್ಳಬೇಕು. ಒಣ ಧೂಳನ್ನು ಎಬ್ಬಿಸಬಾರದು. ಈ ಕೆಲಸ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುವುದರಿಂದ ಗಂಡಸರು ಇದನ್ನು ಓದಿ ಅವರಿಗೂ ಹೇಳುವುದು ಒಳ್ಳೆಯದು. ತಾವೇ ಅಟ್ಟ ಏರಿದರೆ ಇನ್ನೂ ಒಳ್ಳೆಯದು.

ಬೀಜ ಎಲ್ಲಿಡಬೇಕು?

ಅಟ್ಟದಲ್ಲಿ ಬೀಜ ಇಡಲೇಬೇಕೆಂದರೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಅಥವಾ ಲೋಹದ ಕಣಜದಲ್ಲಿ ಇಡಿ. ಗೋಣಿಚೀಲ, ಪ್ಲಾಸ್ಟಿಕ್ ಚೀಲ ಅಳಿಲಿನ ಹಲ್ಲಿಗೆ ಲೆಕ್ಕವಲ್ಲ. ಡಬ್ಬಿಗೆ ತುಂಬುವ ಮುನ್ನ ಬೀಜ ಚೆನ್ನಾಗಿ ಒಣಗಿರಬೇಕು, ಹಲ್ಲಿಗೆ ಕಟ್ಟೆಂದು ಮುರಿಯಬೇಕು. ಹಸಿ ಬೀಜವನ್ನು ಬಿಗಿ ಡಬ್ಬಿಯಲ್ಲಿ ಹಾಕಿದರೆ ಅಳಿಲು ಬಿಟ್ಟದ್ದನ್ನು ಬೂಷ್ಟು ತಿನ್ನುತ್ತದೆ. ತೂಗುಹಾಕುವ ತೆನೆಗಳನ್ನು ತೊಲೆಗೆ ಕಟ್ಟದೆ ತಂತಿಗೆ ಕಟ್ಟಿ, ತಂತಿಯ ನಡುವೆ ತಟ್ಟೆಯಂತೆ ಒಂದು ತಗಡು ಏರಿಸಿದರೆ ಅಳಿಲು ಇಳಿದು ಬರಲು ಆಗುವುದಿಲ್ಲ.

ಈಗಾಗಲೇ ಅಳಿಲು ಓಡಾಡಿದ ಅಟ್ಟದ ಬೀಜವಿದ್ದರೆ ಬಿತ್ತುವ 10 ದಿನ ಮುಂಚೆ ಅದರಲ್ಲಿ 100 ಕಾಳನ್ನು ಆರಿಸದೆ ಎಣಿಸಿ, ಒದ್ದೆ ಗೋಣಿಯಲ್ಲಿ ಸಾಲಾಗಿ ಇಟ್ಟು ಸುತ್ತಿ, ನೆರಳಲ್ಲಿ ಇರಿಸಿ, ಪಸೆ ಆರದಂತೆ ನೀರು ಚಿಮುಕಿಸುತ್ತ ಬನ್ನಿ. ಶೇಂಗಾ, ಹೆಸರು, ಅಲಸಂದಿ ಆದರೆ ಒಂದು ವಾರದಲ್ಲಿ ಎಣಿಸಬಹುದು. ಎಷ್ಟು ಮೊಳೆತವೋ ಅಷ್ಟು ಪ್ರತಿಶತ. 70ಕ್ಕಿಂತ ಕಡಿಮೆ ಬಂದರೆ ಆ ಬೀಜವನ್ನು ಅಡಿಗೆಗೂ ದನಕ್ಕೂ ಬಳಸುವ ಮುನ್ನ ಹಿಕ್ಕೆ, ಬೂಷ್ಟು ಇದೆಯೇ ನೋಡಿ, ಬಿತ್ತನೆಗೆ ಬೇರೆ ಬೀಜವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಜವಾರಿ ಸೌತೆ, ಹೀರೆ, ಅವರೆಯ ಬೀಜವಾದರೆ 20 ಕಾಳು ಮೊಳೆತರೂ ಬಿಸಾಡಬೇಡಿ. ಮೊಳೆತಷ್ಟನ್ನೇ ಹಿತ್ತಲಿನ ಒಂದು ಮಡಿಯಲ್ಲಿ ನೆಟ್ಟು, ಈ ವರ್ಷದ ಕಾಯಿಯನ್ನು ತಿನ್ನದೆ ಪೂರ್ತಿ ಬೀಜಕ್ಕೆ ಬಿಟ್ಟು, ಮುಂದಿನ ವರ್ಷಕ್ಕೆ ಅರ್ಧವನ್ನು ನಿಮ್ಮ ಡಬ್ಬಿಯಲ್ಲಿ, ಇನ್ನರ್ಧವನ್ನು ನೆರೆಯವರ ಡಬ್ಬಿಯಲ್ಲಿ ಇಡಿ.